ನಮ್ಮ ನಾಯಿ ಮೋತಿಗೆ ತಂದ ಹಲ್ಲುಜ್ಜುವ ಕಿಟ್: ಪೇಸ್ಟ್ ಪಾಸ್, ಬೆರಳಿನ ಬ್ರಶ್ ಫೇಲ್

ಆನ್‌ಲೈನ್‌ನಲ್ಲಿ ತರಿಸಿ ಮೂರು ತಿಂಗಳಾಯಿತು. ಡಬ್ಬಿಯಲ್ಲಿ ಮೂರು ಸಾಮಾನು: ಚಿಕನ್ ರುಚಿಯ ಪೇಸ್ಟ್, ಎರಡೂ ತುದಿಗೆ ಬ್ರಶ್ ಇರುವ ಉದ್ದನೆಯ ಕಡ್ಡಿ, ಬೆರಳಿಗೆ ಟೋಪಿಯ ಹಾಗೆ ಹಾಕಿಕೊಳ್ಳುವ ಸಿಲಿಕೋನ್ ಬ್ರಶ್.

ನಮ್ಮ ಮೋತಿ ಪೊಮೆರೇನಿಯನ್, ಆರು ವರ್ಷ. ಮುಖ ನೆಕ್ಕಲು ಬಂದರೆ ಮೂಗು ಮುಚ್ಚಿಕೊಳ್ಳಬೇಕು, ಅಂಥ ವಾಸನೆ. ನಾಯಿ ಬಾಯಿ ಅಲ್ವಾ, ಹಾಗೇ ಇರುತ್ತದೆ ಅಂತ ಸುಮ್ನೆ ಇದ್ದೆವು. ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ಓದುವ ಚಿಕ್ಕಪ್ಪನ ಮಗ ಹಬ್ಬಕ್ಕೆ ಕಲಬುರಗಿಗೆ ಬಂದಾಗ ಅದರ ತುಟಿ ಎತ್ತಿ ತೋರಿಸಿದ. ಮೇಲಿನ ಸಾಲಿನ ಹಿಂದಿನ ದೊಡ್ಡ ಹಲ್ಲು ಕಂದು ಬಣ್ಣಕ್ಕೆ ತಿರುಗಿತ್ತು, ವಸಡು ಕೆಂಪಗೆ ಊದಿತ್ತು. "ದಿನಾ ಖಡಕ್ ರೊಟ್ಟಿ ಕಡಿತದಲ್ಲೋ, ಹಲ್ಲು ಅದರಾಗೇ ಸ್ವಚ್ಛ ಆಗಂಗಿಲ್ಲೇನು?" ಅಂದೆ. ನಕ್ಕುಬಿಟ್ಟ. ರೊಟ್ಟಿ ಹಲ್ಲಿನ ತುದಿಯಲ್ಲೇ ಪುಡಿಯಾಗುತ್ತದೆ, ಕೊಳೆ ಕೂರುವುದು ವಸಡಿನ ಅಂಚಿನಲ್ಲಿ. ದೊಡ್ಡ ನಾಯಿಗೂ 42 ಹಲ್ಲು, ಇಷ್ಟೇ ಇಷ್ಟು ಬಾಯಿಯ ಪೊಮೆರೇನಿಯನ್‌ಗೂ 42. ಇಕ್ಕಟ್ಟಿನಲ್ಲಿ ಕೊಳೆ ಜಾಸ್ತಿ ಸಿಕ್ಕಿಕೊಳ್ಳುತ್ತದಂತೆ.

ಮೊದಲು ಪೇಸ್ಟ್. ಇದು ನಿಜಕ್ಕೂ ಚೆನ್ನಾಗಿದೆ. ನೊರೆ ಬರುವುದಿಲ್ಲ, ನುಂಗಿದರೂ ತೊಂದರೆ ಇಲ್ಲ, ನಾಯಿಗೆ ಬಾಯಿ ಮುಕ್ಕಳಿಸಿ ಉಗುಳಲು ಬರುವುದಿಲ್ಲವಲ್ಲ. ನಮ್ಮ ಪೇಸ್ಟನ್ನೇ ಹಚ್ಚಿದರೆ ಆಯಿತು ಅಂತ ಯೋಚಿಸುವವರು ದಯವಿಟ್ಟು ಬೇಡ. ಅದರಲ್ಲಿ ಫ್ಲೋರೈಡ್ ಇರುತ್ತದೆ, ಕೆಲವದರಲ್ಲಿ ಜೈಲಿಟಾಲ್ ಎಂಬ ಸಿಹಿ ಇರುತ್ತದೆ, ಅದು ನಾಯಿಗೆ ವಿಷ, ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ಮೋತಿ ಈ ಪೇಸ್ಟ್ ಟ್ಯೂಬ್ ಕಂಡರೆ ಬಾಲ ಅಲ್ಲಾಡಿಸುತ್ತದೆ. ಮೊದಲ ವಾರ ಬ್ರಶ್ ಮುಟ್ಟದೆ ಬರೀ ಬೆರಳಿಂದ ನೆಕ್ಕಿಸಿದೆ, ಆಮೇಲೆ ಬೆರಳಲ್ಲೇ ಹಲ್ಲು ಉಜ್ಜಿದೆ, ಆಮೇಲೆ ಬ್ರಶ್. ಈ ಆತುರಪಡದ ದಾರಿಯೇ ಕೆಲಸ ಮಾಡಿದ್ದು.

ಬೆರಳಿನ ಬ್ರಶ್ ಮಾತ್ರ ದಂಡ. ಸಡಿಲ, ಜೊಲ್ಲು ತಾಗಿದ ಕೂಡಲೇ ಜಾರುತ್ತದೆ. ಎರಡನೇ ದಿನವೇ ಮೋತಿ ಅದನ್ನು ಕಿತ್ತುಕೊಂಡು ಮಂಚದ ಕೆಳಗೆ ಓಡಿತು, ನುಂಗಿದ್ದರೆ ನನ್ನ ಗತಿ? ಉದ್ದ ಕಡ್ಡಿಯ ದೊಡ್ಡ ತುದಿ ಇದರ ಬಾಯಿಗೆ ಹಿಡಿಸುವುದಿಲ್ಲ, ಚಿಕ್ಕ ತುದಿ ಪರವಾಗಿಲ್ಲ. ಕೊನೆಗೆ ಸೂಪರ್ ಮಾರ್ಕೆಟ್ ಕಡೆ ಹೋದಾಗ ಹಾಲುಹಲ್ಲಿನ ಮಕ್ಕಳ ಮೆತ್ತನೆ ಬ್ರಶ್ ತಂದೆ. ಅದೇ ಎಲ್ಲಕ್ಕಿಂತ ವಾಸಿ. ಬಾಯಿ ಅಗಲಿಸುವುದೂ ಬೇಡ, ತುಟಿ ಎತ್ತಿ ಹೊರಮೈ ಉಜ್ಜಿದರೆ ಸಾಕು, ಒಳಗಡೆಯದನ್ನು ನಾಲಿಗೆಯೇ ಒಂದಷ್ಟು ನೋಡಿಕೊಳ್ಳುತ್ತದೆ.

ಡಬ್ಬಿಯ ಮೇಲೆ "ಗಟ್ಟಿ ಕರೆ ತೆಗೆಯುತ್ತದೆ" ಅಂತ ಬರೆದಿದ್ದಾರೆ. ಸುಳ್ಳು. ಮೆತ್ತಗಿನ ಕೊಳೆ ಎರಡು ಮೂರು ದಿನದಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಯಾವ ಬ್ರಶ್ಶಿಗೂ ಬಗ್ಗುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಉಜ್ಜಿದರೆ ಏನೂ ಸಾಲದು, ದಿನಾ ಬೇಕು. ಮೋತಿಯ ಹಳೇ ಕಂದು ಕರೆ ಹಾಗೇ ಇದೆ, ಡಾಕ್ಟರೇ ಅರಿವಳಿಕೆ ಕೊಟ್ಟು ಕೆರೆದು ತೆಗೆಯಬೇಕು. ಆದರೆ ವಾಸನೆ ಅರ್ಧಕ್ಕರ್ಧ ಕಡಿಮೆಯಾಗಿದೆ, ಮುಂದಿನ ವಸಡು ಗುಲಾಬಿ ಬಣ್ಣಕ್ಕೆ ಬಂದಿದೆ.

ಐದಕ್ಕೆ ಮೂರು ಸ್ಟಾರ್, ಮೂರೂ ಪೇಸ್ಟಿಗೇ. ಮುಂದೆ ಅದೊಂದನ್ನೇ ತರಿಸುತ್ತೇನೆ.

ಸಸ್ಯಾಹಾರಿ ಮನೆಯವರಿಗೆ ಒಂದು ಮಾತು, ಟ್ಯೂಬ್ ಮೇಲೆ ದೊಡ್ಡದಾಗಿ ಕೋಳಿ ಚಿತ್ರ ಇದೆ. ನಮ್ಮ ಬಿಸಿಲಿಗೆ ಪೇಸ್ಟ್ ನೀರಾಯಿತು ಅಂತ ಫ್ರಿಜ್‌ನಲ್ಲಿಟ್ಟಿದ್ದೆ. ಅವ್ವ ಮೊಸರು ತೆಗೆಯಲು ಹೋಗಿ ನೋಡಿದಳು. "ನಾಯಿಗಿ ಹಲ್ಲು ತಿಕ್ಕೋದೇ ಹೆಚ್ಚಾತು, ಅದರಾಗ ಕೋಳಿ ಬ್ಯಾರೆ!" ಈಗ ಟ್ಯೂಬು ಬಚ್ಚಲಮನೆಯಲ್ಲಿ, ತಣ್ಣೀರಿನ ಚೊಂಬಿನೊಳಗಿದೆ.