ಒಂದೇ ಆಪ್, ಎರಡು ದಾರಿ: ವೆಬ್ ಫಾರ್ಮ್ಸ್ ಮತ್ತು ಪಿಎಚ್‌ಪಿ

ವೆಬ್ ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಮೊದಲು ಕೇಳುವ ಪ್ರಶ್ನೆ ಇದು: ಕಂಪನಿಯೊಂದರ ಒಡೆತನದಲ್ಲಿರುವುದನ್ನು ಕಲಿಯಬೇಕಾ, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಹಿಡಿಯಬೇಕಾ? ನಾನು ಒಂದೇ ಆಪ್ ಅನ್ನು ಎರಡರಲ್ಲೂ ಮಾಡಿ ನೋಡಿದ್ದೇನೆ. ಯಾವ ಪುಸ್ತಕ ಯಾರ ಹತ್ತಿರ ಇದೆ, ಯಾವಾಗ ವಾಪಸ್ ಬರಬೇಕು ಅಂತ ಬರೆದಿಡುವ ಚಿಕ್ಕ ಆಪ್. ಮೊದಲು ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್ ಮತ್ತು ಅವರದೇ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್, ಆಮೇಲೆ ಓಪನ್ ಸೋರ್ಸ್ ಆದ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್.

ವೆಬ್ ಫಾರ್ಮ್ಸ್ ಮೊದಲ ದಿನವೇ ಇಷ್ಟವಾಯಿತು. ಕೋಡ್ ಬರೆಯುವ ಸಾಧನವಾದ ವಿಷುಯಲ್ ಸ್ಟುಡಿಯೋದಲ್ಲಿ ಬಟನ್ ಎಳೆದು ಪೇಜಿನ ಮೇಲೆ ಬಿಟ್ಟು, ಡಬಲ್ ಕ್ಲಿಕ್ ಮಾಡಿ ಕೋಡ್ ಬರೆದರೆ ಆಯಿತು. ಪಟ್ಟಿ ತೋರಿಸುವ ಗ್ರಿಡ್‌ವ್ಯೂ ಅನ್ನುವ ಸಿದ್ಧ ಕಂಟ್ರೋಲ್ ಹಾಕಿ ಡೇಟಾಬೇಸಿನ ಟೇಬಲ್‌ಗೆ ಜೋಡಿಸಿದೆ, ಸಂಜೆಯೊಳಗೆ ಪುಸ್ತಕಗಳ ಪಟ್ಟಿ ರೆಡಿ. ತಪ್ಪು ಹುಡುಕುವ ಡೀಬಗರ್ ಅಂತೂ ತುಂಬಾ ಚೆನ್ನಾಗಿದೆ. ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಸಾಲು ನಡೆಸಿ ನೋಡಬಹುದು. ಪಿಎಚ್‌ಪಿಯಲ್ಲಿ ಎಕ್ಸ್‌ಡೀಬಗ್ ಅನ್ನುವ ಡೀಬಗರ್ ಹಾಕಿಕೊಳ್ಳುವವರೆಗೂ ಅಲ್ಲಲ್ಲಿ ಎಕೋ (ಬೆಲೆಯನ್ನು ಪರದೆಗೆ ಬರೆಯುವ ಆದೇಶ) ಬರೆದೇ ತಪ್ಪು ಹುಡುಕುತ್ತಿದ್ದೆ.

ಅದೇ ಪಟ್ಟಿಗೆ ಪಿಎಚ್‌ಪಿಯಲ್ಲಿ ಮೂರು ದಿನ ಹಿಡಿಯಿತು. ಫಾರ್ಮ್ ಟ್ಯಾಗ್ ನಾವೇ ಬರೆಯಬೇಕು. ಮಾಹಿತಿ ತರಿಸುವ ಗೆಟ್ ರಿಕ್ವೆಸ್ಟ್ ಯಾವಾಗ, ಮಾಹಿತಿ ಕಳಿಸುವ ಪೋಸ್ಟ್ ಯಾವಾಗ ಅಂತ ಗೊತ್ತಿರಬೇಕು. ಒಂದು ದಿನ ಪುಸ್ತಕ ಸೇರಿಸಿ ಪೇಜ್ ರಿಫ್ರೆಶ್ ಮಾಡಿದೆ. ಪಟ್ಟಿಯಲ್ಲಿ ಅದೇ ಪುಸ್ತಕ ಎರಡು ಸಲ! ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು ನೋಡಿದರೆ, ರಿಫ್ರೆಶ್ ಮಾಡಿದಾಗ ಹಳೆಯ ಪೋಸ್ಟ್ ರಿಕ್ವೆಸ್ಟೇ ಮತ್ತೆ ಹೋಗುತ್ತಿತ್ತು. ಸೇವ್ ಆದ ಕೂಡಲೇ ಬ್ರೌಸರನ್ನು ಪಟ್ಟಿಯ ಪೇಜಿಗೆ ಕಳಿಸುವ ರೀಡೈರೆಕ್ಟ್ ಹಾಕಿದೆ, ಸರಿಹೋಯಿತು. ಸುಮ್ನೆ ಒಮ್ಮೆ ವೆಬ್ ಫಾರ್ಮ್ಸ್ ಆಪ್ ತೆರೆದು ಅದೇ ರೀತಿ ರಿಫ್ರೆಶ್ ಮಾಡಿದೆ. ಅಲ್ಲೂ ಎರಡು ಸಲ ಸೇರಿತು. ಅಷ್ಟು ದಿನ ಆ ತಪ್ಪು ಅಲ್ಲೇ ಇತ್ತು. ಬಟನ್ ಒತ್ತಿದರೆ ಪೋಸ್ಟ್ ಹೋಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಆಗ ವೆಬ್ ಫಾರ್ಮ್ಸ್ ಪೇಜಿನ ಸೋರ್ಸ್ ತೆಗೆದೆ. ವ್ಯೂಸ್ಟೇಟ್ ಅನ್ನುವ, ಪೇಜಿನಲ್ಲಿ ಕಾಣದ ಹಿಡನ್ ಫೀಲ್ಡ್‌ನಲ್ಲಿ ಪರದೆ ತುಂಬಾ ಅರ್ಥವಾಗದ ಅಕ್ಷರಗಳು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿಗೆ ಹಿಂದಿನ ರಿಕ್ವೆಸ್ಟ್ ನೆನಪಿರುವುದಿಲ್ಲ. ಅದಕ್ಕೇ ವೆಬ್ ಫಾರ್ಮ್ಸ್ ಪೇಜಿನ ಸ್ಥಿತಿಯನ್ನು ಹೀಗೆ ಗಂಟು ಕಟ್ಟಿ ಬ್ರೌಸರ್‌ಗೆ ಕಳಿಸಿ, ಪ್ರತಿ ಸಲ ವಾಪಸ್ ತರಿಸಿಕೊಳ್ಳುತ್ತದೆ. ಜಾಣ ಉಪಾಯವೇ. ಆದರೆ ಕಲಿಯುವವರಿಗೆ ವೆಬ್ ಹೇಗೆ ನಡೆಯುತ್ತದೆ ಅನ್ನುವುದೇ ಕಾಣುವುದಿಲ್ಲ, ಅಲ್ವಾ?

ಪಿಎಚ್‌ಪಿಯಲ್ಲಿ ತೊಡಕಿಲ್ಲ ಅಂತಲ್ಲ. ಸ್ಟ್ರಿಂಗ್‌ನಲ್ಲಿ ಹುಡುಕುವ ಫಂಕ್ಷನ್‌ಗೆ ಎಲ್ಲಿ ಹುಡುಕಬೇಕು ಅನ್ನುವುದನ್ನು ಮೊದಲು ಕೊಡಬೇಕು, ಅರೇಯಲ್ಲಿ (ಬೆಲೆಗಳ ಸಾಲಿನಲ್ಲಿ) ಹುಡುಕುವುದಕ್ಕೆ ಏನನ್ನು ಹುಡುಕಬೇಕು ಅನ್ನುವುದನ್ನು ಮೊದಲು. ಹಳೆಯ ಪಾಠಗಳ ಕಾಟ ಇನ್ನೂ ಜಾಸ್ತಿ. 2015ರ ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೇ ಹೇಳಿಕೊಡುವ ಪಾಠಗಳು ಈಗಲೂ ಸಿಗುತ್ತವೆ. ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಪಿಡಿಒ ಬಳಸದ ಪಾಠ ಸಿಕ್ಕರೆ ಅಲ್ಲೇ ಬಿಟ್ಟುಬಿಡಿ.

ದುಡ್ಡಿನ ವಿಷಯದಲ್ಲಿ ಕಲಿಯುವವರಿಗೆ ದೊಡ್ಡ ವ್ಯತ್ಯಾಸವಿಲ್ಲ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ, 2022ರ ಆವೃತ್ತಿಯವರೆಗೆ ಡೇಟಾಬೇಸ್‌ಗೆ 10 ಜಿಬಿ ಮಿತಿ ಇತ್ತು. ಕಲಿಯಲು ಧಾರಾಳ.

ಆಯಸ್ಸಿನ ವಿಷಯ ಬೇರೆ. ಕಂಪನಿಗಳ ಒಡೆತನದ ಬ್ರೌಸರ್ ಪ್ಲಗಿನ್‌ಗಳಲ್ಲಿ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31 ಕೊನೆ ದಿನವಾಯಿತು, ಸಿಲ್ವರ್‌ಲೈಟ್‌ಗೆ 2021ರ ಅಕ್ಟೋಬರ್ 12. ಓಪನ್ ಸೋರ್ಸ್ ಆಗಿದ್ದ ಆಂಗ್ಯುಲರ್‌ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗೂ 2021ರ ಕೊನೆಯಲ್ಲಿ ಬೆಂಬಲ ನಿಂತಿತು. ಆದರೆ ಅದರ ಕೋಡ್ ಇಂದಿಗೂ ಎಲ್ಲರ ಕೈಯಲ್ಲಿದೆ, ಬೇಕಾದವರು ತಿದ್ದಿಕೊಳ್ಳಬಹುದು. ಇದರ ಬೆಲೆ ನನಗೆ ಸರಿಯಾಗಿ ಗೊತ್ತಾಗಿದ್ದು ದುಡ್ಡು ಕೊಟ್ಟು ಕೊಂಡ ಒಂದು ಕ್ಯಾಲೆಂಡರ್ ಕಂಪೊನೆಂಟ್‌ನಿಂದ. ಅದರಲ್ಲಿ ತಾರೀಖು ಒಂದು ದಿನ ಹಿಂದೆ ಬೀಳುತ್ತಿತ್ತು. ಕೈಯಲ್ಲಿದ್ದದ್ದು ಕಂಪೈಲ್ ಆದ ಡಿಎಲ್‌ಎಲ್ ಫೈಲ್ ಮಾತ್ರ, ಒಳಗೆ ತಿದ್ದುವ ಹಾಗಿಲ್ಲ. ಪಿಎಚ್‌ಪಿ ಲೈಬ್ರರಿಯೊಂದರಲ್ಲಿ ಇಂಥದ್ದೇ ತಪ್ಪು ಬಂದಾಗ ಲೈಬ್ರರಿಗಳ ಕೋಡ್ ಇರುವ ವೆಂಡರ್ ಫೋಲ್ಡರ್ ತೆರೆದು ಓದುತ್ತಾ ಹೋದೆ. ಟೈಮ್‌ಝೋನ್ ಸೆಟ್ ಮಾಡದೆ ಇದ್ದದ್ದು ನಾನೇ ಅಂತ ಅರ್ಧ ಗಂಟೆಯಲ್ಲಿ ತಿಳಿಯಿತು. ಬೇರೆಯವರು ಬರೆದ ಒಳ್ಳೆಯ ಕೋಡ್ ಓದುವ ಅಭ್ಯಾಸ ನನಗೆ ಅಲ್ಲಿಂದಲೇ ಶುರುವಾಯಿತು.

ಹಾಗಾಗಿ ಹೊಸಬರಿಗೆ ನಾನು ಓಪನ್ ಸೋರ್ಸ್ ಅಂತಲೇ ಹೇಳುತ್ತೇನೆ. ಮೊದಲ ಆಪ್‌ಗೆ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಬೇಡ, ಫಾರ್ಮ್, ಬಳಕೆದಾರರನ್ನು ನೆನಪಿಡುವ ಸೆಷನ್, ರೀಡೈರೆಕ್ಟ್ ಎಲ್ಲ ಕೈಯಿಂದಲೇ ಬರೆಯಿರಿ. ವೆಬ್ ಫಾರ್ಮ್ಸ್‌ನಲ್ಲಿ ಬರೆಯುವ ಸಿ ಶಾರ್ಪ್ ಭಾಷೆಯ ಮೇಲೆ ಪ್ರೀತಿ ಇದ್ದವರು ಅದನ್ನು ಬಿಡಬೇಕಿಲ್ಲ. 2016ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡಾಟ್ ನೆಟ್ ಕೋರ್ (ಈಗ ಹೆಸರು ಬರೀ ಡಾಟ್ ನೆಟ್) ಓಪನ್ ಸೋರ್ಸ್, ಲಿನಕ್ಸ್‌ನಲ್ಲೂ ಓಡುತ್ತದೆ. ವೆಬ್ ಫಾರ್ಮ್ಸ್ ಅದರೊಳಗೆ ಬರಲಿಲ್ಲ. ನನ್ನ ಪುಸ್ತಕದ ಆಪ್ ಅನ್ನು ಅದರಲ್ಲಿ ಮೂರನೇ ಸಲ ಬರೆದಾಗ ಸಿ ಶಾರ್ಪ್ ಭಾಷೆ ಜೊತೆಗೆ ಬಂತು, ಗ್ರಿಡ್‌ವ್ಯೂ ಹಿಂದೆ ಉಳಿಯಿತು. ಪಿಎಚ್‌ಪಿಯಲ್ಲಿ ಕಲಿತ ಆ ರೀಡೈರೆಕ್ಟ್ ಅಲ್ಲೂ ಬೇಕಾಯಿತು.