ಬ್ರೇಕಿಂಗ್ ಕಲಿಸುವ ಆನ್‌ಲೈನ್ ಕೋರ್ಸ್: ಹೆಜ್ಜೆ ಚೆನ್ನ, ತಾಳ ಸಾಲದು

ಬ್ರೇಕಿಂಗ್, ಅಂದರೆ ಬ್ರೇಕ್‌ಡ್ಯಾನ್ಸ್, ಕಲಿಸುವ ವಿಡಿಯೊಗಳು ಬಹುಮಟ್ಟಿಗೆ ತಲೆಯ ಮೇಲೆ ಗಿರ್ರನೆ ತಿರುಗುವ ಸಾಹಸದಿಂದಲೇ ಆರಂಭವಾಗುತ್ತವೆ. ನಾನು ಈಚೆಗೆ ಮುಗಿಸಿದ ಆನ್‌ಲೈನ್ ಕೋರ್ಸ್ ಆ ಆಮಿಷಕ್ಕೆ ಬೀಳದೆ, ಮೊದಲ ಪಾಠವನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಮೀಸಲಿಟ್ಟಿದೆ. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೇ ಸಂಖ್ಯೆಯ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ್ದ ಪಾರ್ಟಿಯಿಂದ ಕಥೆ ತೊಡಗುತ್ತದೆ. ಅಲ್ಲಿ ಸಂಗೀತದ ಹೊಣೆ ಹೊತ್ತಿದ್ದವರು ಅವರ ಸೋದರ, ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಗಾಯನ ನಿಂತು ಡ್ರಮ್ಸ್ ಮುನ್ನುಗ್ಗುವ ಕೆಲವೇ ಕ್ಷಣಗಳ ಬ್ರೇಕನ್ನು ಬಹಳ ಹೊತ್ತಿನವರೆಗೆ ಎಳೆಯುವ ಕ್ರಮವನ್ನು ಹರ್ಕ್ ರೂಢಿಸಿಕೊಂಡದ್ದನ್ನೂ, ಆ ಭಾಗಕ್ಕಾಗಿಯೇ ಕಾದು ನಿಂತು ಕುಣಿಯಲು ನಡುವೆ ಇಳಿಯುತ್ತಿದ್ದವರು ಬಿ-ಬಾಯ್, ಬಿ-ಗರ್ಲ್‌ಗಳೆನಿಸಿಕೊಂಡದ್ದನ್ನೂ ಪಾಠ ಸ್ಪಷ್ಟವಾಗಿ ವಿವರಿಸುತ್ತದೆ. ಜೇಮ್ಸ್ ಬ್ರೌನ್‌ರ ಕಾಲ್ಚಳಕ, ಕುಂಗ್‌ಫು ಚಿತ್ರಗಳು, ಜಿಮ್ನಾಸ್ಟಿಕ್ಸ್ ಇವುಗಳ ಪ್ರಭಾವದ ಪ್ರಸ್ತಾಪವೂ ಇದೆ. ಆದರೆ ಈ ನೃತ್ಯವನ್ನು ಬೆಳೆಸಿದ ಪೋರ್ಟೊ ರಿಕನ್ ಯುವಕರಿಗೆ ಒಂದೇ ವಾಕ್ಯ ದಕ್ಕಿರುವುದು ಅನ್ಯಾಯವೆಂದೇ ನನ್ನ ಅನಿಸಿಕೆ.

ಕೋರ್ಸಿನ ನಿಜವಾದ ಬಲ ಫುಟ್‌ವರ್ಕ್ ಪಾಠಗಳಲ್ಲಿದೆ. ನಿಂತು ಆಡುವ ಟಾಪ್‌ರಾಕ್‌ನಿಂದ ನೆಲಕ್ಕಿಳಿದ ಮೇಲೆ, ಅಂಗೈಗಳ ಮೇಲೆ ಭಾರ ಹೊತ್ತು ಕಾಲುಗಳನ್ನು ದೇಹದ ಸುತ್ತ ಒಂದು ಸುತ್ತು ಒಯ್ಯುವ ಸಿಕ್ಸ್-ಸ್ಟೆಪ್ ಅನ್ನು ಮೇಲಿನಿಂದಲೂ ಪಕ್ಕದಿಂದಲೂ ಚಿತ್ರೀಕರಿಸಿರುವುದರಿಂದ, ಯಾವ ಹೆಜ್ಜೆಯಲ್ಲಿ ಯಾವ ಕೈ ನೆಲ ಬಿಡಬೇಕು, ಸೊಂಟ ಎಲ್ಲಿ ಕುಸಿಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಫ್ರೀಜ್ ಎಂದರೆ ಆಟದ ನಡುವೆ ಒಂದು ಭಂಗಿಯಲ್ಲಿ ಥಟ್ಟನೆ ಸ್ತಬ್ಧವಾಗುವುದು; ಅದರ ಒಂದು ಬಗೆಯಾದ ಬೇಬಿ ಫ್ರೀಜ್‌ನಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಆನಿಸುವ ಸ್ಥಾನವನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಪಾಠವನ್ನು ನಾನು ಬೇರೆಲ್ಲೂ ನೋಡಿಲ್ಲ. ಬೆನ್ನು, ಭುಜಗಳ ಮೇಲೆ ಉರುಳುತ್ತ ಕಾಲುಗಳನ್ನು ಬೀಸಿ ತಿರುಗುವ ವಿಂಡ್‌ಮಿಲ್ ಮೊದಲಾದ ಪವರ್ ಮೂವ್‌ಗಳನ್ನು (ದೇಹವನ್ನು ರಭಸದಿಂದ ತಿರುಗಿಸುವ ಸಾಹಸಗಳನ್ನು) ಕೊನೆಗೆ ಇಟ್ಟಿರುವುದೂ ವಿವೇಕದ ತೀರ್ಮಾನವೇ.

ಇಷ್ಟೆಲ್ಲ ಇದ್ದರೂ, ಅಭ್ಯಾಸದ ಪಾಠಗಳು ಒಂದು, ಎರಡು ಎಂಬ ಎಣಿಕೆಯ ಮೇಲೆಯೇ ಸಾಗುತ್ತವೆ. ಹಿನ್ನೆಲೆಯಲ್ಲಿ ಕೇಳಿಸುವುದು ಏರಿಳಿತವಿಲ್ಲದ, ಸಪ್ಪೆಯಾದ ಬೀಟ್. ಬ್ರೇಕ್‌ಗಾಗಿಯೇ ಹುಟ್ಟಿದ ನೃತ್ಯವನ್ನು ಬ್ರೇಕ್ ಇಲ್ಲದ ಸಂಗೀತಕ್ಕೆ ಕಲಿಸುವುದು ವಿಚಿತ್ರವಲ್ಲವೇ? ನರ್ತಕರು ಸರದಿಯಂತೆ ಎದುರುಬದುರಾಗಿ ಸೆಣಸುವ ಬ್ಯಾಟಲ್‌ನಲ್ಲಿ ಹಾಡನ್ನು ಆರಿಸುವವರು ಡಿಜೆ, ನರ್ತಕರಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೀರ್ಪುಗಾರರು ಅಳೆದ ಐದು ಅಂಶಗಳಲ್ಲಿ ಸಂಗೀತಕ್ಕೆ ಸ್ಪಂದಿಸುವ ಗುಣಕ್ಕೂ ತಂತ್ರದಷ್ಟೇ ತೂಕವಿತ್ತು. ಡ್ರಮ್ಸ್‌ನ ಯಾವ ಪೆಟ್ಟಿಗೆ ಫ್ರೀಜ್ ಕೂಡಿಸಬೇಕು ಎಂಬ ಪ್ರಶ್ನೆಯನ್ನು ಕೋರ್ಸ್ ಎತ್ತುವುದೇ ಇಲ್ಲ. ಎದುರಾಳಿಯ ಆಟಕ್ಕೆ ಉತ್ತರ ಕೊಡುವ ಬಗೆಯ ಬಗ್ಗೆಯೂ ಮೌನವೇ.

ಆರಂಭಿಕರು ಧಾರಾಳವಾಗಿ ಸೇರಬಹುದು, ಆದರೆ ಅಭ್ಯಾಸದ ವೇಳೆ ವಿಡಿಯೊದ ಧ್ವನಿ ನಿಲ್ಲಿಸಿ ಹಳೆಯ ಫಂಕ್ ರೆಕಾರ್ಡುಗಳನ್ನು ಹಾಕಿಕೊಳ್ಳುವುದು ಲೇಸು. ಸೈಫರ್‌ಗೆ, ಅಂದರೆ ಸುತ್ತ ನೆರೆದವರ ನಡುವೆ ಸರದಿಯಂತೆ ಕುಣಿಯುವ ವೃತ್ತಕ್ಕೆ, ಇಳಿದು ಪಳಗಿದವರಿಗೆ ಮೊದಲ ಪಾಠದ ಇತಿಹಾಸವನ್ನು ಬಿಟ್ಟರೆ ಇದರಲ್ಲಿ ಹೊಸದೇನೂ ಸಿಗಲಾರದು.