ಏಳು ಸಮುದ್ರದ ನಕ್ಷೆಗೆ ಯಾವುದು ಸರಿ: ದುಡ್ಡಿನ ಸಾಫ್ಟ್‌ವೇರಾ, ಬಿಟ್ಟಿ ಜನರೇಟರಾ, ಡ್ರಾಯಿಂಗ್ ಶೀಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡ್ರಾಯಿಂಗ್ ಶೀಟಿಗೆ. ಅದೂ ಒಂದು ವರ್ಷದ ಸಬ್‌ಸ್ಕ್ರಿಪ್ಷನ್‌ಗೆ ಎರಡು ಸಾವಿರದ ಹತ್ತಿರ ಸುರಿದ ಮೇಲೆ.

ನಾವು ಗೆಳೆಯರು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬ ಕಥೆ ನಡೆಸುತ್ತಾ ಉಳಿದವರು ಪಾತ್ರಗಳಾಗಿ ಡೈಸ್ ಹಾಕಿ ಆಡುವ ಆಟ. ನಿಯಮ ಅದರದ್ದು, ಲೋಕ ಮಾತ್ರ ಪುರಾಣದ್ದು: ನಡುವೆ ಜಂಬೂದ್ವೀಪ, ಅದರ ಸುತ್ತ ಬಳೆಗಳಂತೆ ಒಂದಾದ ಮೇಲೊಂದು ಸಮುದ್ರ, ದ್ವೀಪ, ಒಟ್ಟು ಏಳೇಳು. ಡ್ರಾಗನ್ ಜಾಗದಲ್ಲಿ ನಾಗರು, ಗಾಬ್ಲಿನ್ ಜಾಗದಲ್ಲಿ ಪಿಶಾಚಿಗಳು. ಮೇಜಿನ ಸುತ್ತ ಮಾತೆಲ್ಲ ಕನ್ನಡ. ಹಾಗಾಗಿ ನಕ್ಷೆಯ ಮೇಲೂ ಹೆಸರು ಕನ್ನಡದಲ್ಲೇ ಇರಬೇಕು ಅನ್ನುವುದು ನನ್ನ ಹಠ. ಮುಂದೆ ಬರೆದದ್ದನ್ನೆಲ್ಲ ಈ ಹಠ ಗೊತ್ತಿದ್ದೇ ಓದಿ.

ದುಡ್ಡಿನ ಸಾಫ್ಟ್‌ವೇರ್ ನೋಡಲು ಬಲು ಚಂದ. ಬೆಟ್ಟ, ಕಾಡು, ಕೋಟೆ ಎಲ್ಲ ತಯಾರಾಗಿಯೇ ಇರುತ್ತವೆ, ಎಳೆದು ಇಟ್ಟರಾಯಿತು. ಜಂಬೂದ್ವೀಪ ಬರೆದೆ, ನಡುವೆ ಮೇರು ನಿಲ್ಲಿಸಿದೆ, ಸುತ್ತ ಉಪ್ಪಿನ ಸಮುದ್ರ ತುಂಬಿಸಿದೆ. ಎಲ್ಲಾ ಸರಿ. ಹೆಸರು ಬರೆಯಲು ಹೊರಟಾಗ ಶುರುವಾಯಿತು ರಗಳೆ.

‘ಕ್ರೌಂಚ’ ಎಂದು ಟೈಪ್ ಮಾಡಿದರೆ ಕ ಒಂದು ಕಡೆ, ರ ಒಂದು ಕಡೆ, ಔತ್ವ ಅನಾಥವಾಗಿ ಇನ್ನೊಂದು ಕಡೆ. ಪ್ಲಕ್ಷ, ಶಾಲ್ಮಲಿ, ಪುಷ್ಕರ ದ್ವೀಪ, ಇಕ್ಷು, ಕ್ಷೀರ ಸಮುದ್ರ ಎಲ್ಲದಕ್ಕೂ ಇದೇ ಗತಿ. ನೆಟ್ಟಗೆ ಬಂದದ್ದು ಕುಶ, ಲವಣದಂಥ ಒತ್ತಿಲ್ಲದ ಹೆಸರು ಮಾತ್ರ. ಫಾಂಟ್ ಬದಲಿಸಿ ನೋಡಿದೆ, ನೋಟೋ ಸಾನ್ಸ್ ಕನ್ನಡ ಹಾಕಿ ನೋಡಿದೆ. ಊಹೂಂ. ತಪ್ಪು ಫಾಂಟಿನದ್ದಲ್ಲ. ಇಂಗ್ಲಿಷ್‌ಗೆ ಒಂದು ಅಕ್ಷರದ ಪಕ್ಕ ಇನ್ನೊಂದನ್ನು ಜೋಡಿಸುತ್ತಾ ಹೋದರೆ ಸಾಕು. ಕನ್ನಡಕ್ಕೆ ಯಾವುದು ಯಾವುದರ ಕೆಳಗೆ ಕೂರಬೇಕು ಎಂದು ಲೆಕ್ಕ ಹಾಕುವ ಒಂದು ಪದರ ಬೇಕು. ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಆ ಕೆಲಸವನ್ನು ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಮಾಡುತ್ತದೆ. ನಾನು ಕೊಂಡದ್ದರಲ್ಲಿ ಆ ಲೆಕ್ಕ ನಡೆಯುತ್ತಿರಲಿಲ್ಲ.

ಡಿಟಿಪಿ ಮಾಡುವ ಗೆಳೆಯನೊಬ್ಬ ದಾರಿ ತೋರಿಸಿದ. ‘ನುಡಿ’ ಸಾಫ್ಟ್‌ವೇರಿನ ಹಳೆಯ ಆಸ್ಕಿ ಫಾಂಟ್ ಹಾಕು, ಅದರಲ್ಲಿ ಒತ್ತು ಕೂಡ ಒಂದು ಬಿಡಿ ಅಕ್ಷರವೇ, ಯಾವ ಲೆಕ್ಕವೂ ಬೇಡ ಅಂದ. ನಿಜ, ಅಡ್ಡಗೆರೆಯ ಮೇಲೆ ಹೆಸರು ಸರಿಯಾಗಿಯೇ ಬಂತು. ಆದರೆ ನನ್ನ ಸಮುದ್ರಗಳು ಬಳೆಯಂತೆ ಸುತ್ತುವರಿದವು. ಹೆಸರು ಬಾಗಬೇಕು. ಬಾಗಿಸಿದ ಕೂಡಲೇ ಒತ್ತುಗಳು ತಮ್ಮ ಅಕ್ಷರ ಬಿಟ್ಟು ಜಾರಿಹೋದವು. ಕಂಪನಿಗೆ ಮೇಲ್ ಹಾಕಿದೆ. ತಿಳಿಸಿದ್ದಕ್ಕೆ ಧನ್ಯವಾದ ಅಂತ ಉತ್ತರ ಬಂತು, ಅಷ್ಟೇ. ಕೊನೆಗೆ ಹೆಸರುಗಳನ್ನು ಬೇರೆ ಕಡೆ ಬರೆದು, ಚಿತ್ರ ಮಾಡಿ, ತಂದು ಅಂಟಿಸುವ ಹಂತಕ್ಕೆ ಬಂದೆ. ಅಂಟಿಸುವುದೇ ಆದರೆ ದುಡ್ಡು ಕೊಟ್ಟದ್ದು ಯಾಕೆ, ಅಲ್ವಾ?

ಜನರೇಟರ್ ವಿಷಯಕ್ಕೆ ಬರೋಣ. ಅಜ್ಗಾರ್‌ನ ಫ್ಯಾಂಟಸಿ ಮ್ಯಾಪ್ ಜನರೇಟರ್ ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ಓಡುತ್ತದೆ. ಒಂದು ಕ್ಲಿಕ್ಕಿಗೆ ಖಂಡ, ನದಿ, ರಾಜ್ಯ, ಧರ್ಮ ಎಲ್ಲ ಹುಟ್ಟಿಸಿ ಕೊಡುತ್ತದೆ. ಎತ್ತರ, ಮಳೆ ನೋಡಿಕೊಂಡು ನದಿ ಹರಿಸುತ್ತದೆ. ಭೂಮಿಯಂಥ ಲೋಕ ಬೇಕಾದವರು ಬೇರೇನೂ ಹುಡುಕಬೇಡಿ. ವಿಷ್ಣು ಪುರಾಣದ ಗಂಗೆ ಮಾತ್ರ ಮೇರುವಿನ ತಲೆಗೆ ಬಿದ್ದು ಸೀತಾ, ಅಲಕನಂದಾ, ಚಕ್ಷು, ಭದ್ರಾ ಎಂದು ನಾಲ್ಕು ದಿಕ್ಕಿಗೆ ಒಡೆಯುತ್ತಾಳೆ. ಮೇರುವೋ, ಬುಡದಲ್ಲಿ 16,000 ಯೋಜನ, ತುದಿಯಲ್ಲಿ 32,000. ತಲೆಕೆಳಗಾದ ಬೆಟ್ಟ. ಭೂಗೋಳ ಓದಿದ ಯಂತ್ರದ ಹತ್ತಿರ ಇದನ್ನೆಲ್ಲ ಕೇಳುವುದು ನ್ಯಾಯವಲ್ಲ.

ಈಗ ಶೀಟು. ಎ2 ಅಳತೆಯದು, ಜೊತೆಗೆ ಜ್ಯಾಮಿಟ್ರಿ ಬಾಕ್ಸಿನ ಕೈವಾರ, ಕಪ್ಪು ಪೆನ್ನು, ವಾಟರ್ ಕಲರ್. ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಹೆಸರನ್ನು ಹೇಗೆ ಬೇಕಾದರೂ ಬಾಗಿಸಿ ಬರೆಯಬಹುದು, ಒತ್ತು ಎಲ್ಲಿಗೂ ಓಡುವುದಿಲ್ಲ.

ಶೀಟು ನಿಜವಾಗಿ ಗೆದ್ದದ್ದು ಅಳತೆಯಲ್ಲಿ. ಪುರಾಣದ ಲೆಕ್ಕ ಹೀಗಿದೆ: ಜಂಬೂದ್ವೀಪದ ಅಗಲ ಒಂದು ಲಕ್ಷ ಯೋಜನ. ಮುಂದಿನ ಪ್ರತಿ ದ್ವೀಪ ಹಿಂದಿನದರ ಎರಡರಷ್ಟು ಅಗಲ. ಪ್ರತಿ ದ್ವೀಪದ ಆಚೆ ಅಷ್ಟೇ ಅಗಲದ ಸಮುದ್ರ. ಕೂಡಿದರೆ ಈ ತುದಿಯಿಂದ ಆ ತುದಿಗೆ 507 ಲಕ್ಷ ಯೋಜನ. ಇದನ್ನು ಅಳತೆ ತಪ್ಪದೆ 42 ಸೆಂಟಿಮೀಟರ್ ಹಾಳೆಗೆ ಇಳಿಸಿದರೆ ಜಂಬೂದ್ವೀಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ! ಹೀರೋಗಳು ಹುಟ್ಟುವ ಭಾರತವರ್ಷ ಆ ಚುಕ್ಕೆಯ ದಕ್ಷಿಣದ ತುಣುಕು. ನಡುವಿನಿಂದ ಅಂಚಿನ ತನಕದ ದೂರದಲ್ಲಿ ಅರ್ಧಕ್ಕಿಂತ ಜಾಸ್ತಿ ಪುಷ್ಕರ ಮತ್ತು ಅದರ ಸಮುದ್ರವೇ ತಿಂದುಹಾಕುತ್ತವೆ.

ಸಾಫ್ಟ್‌ವೇರಿನಲ್ಲಿ ಇಡೀ ನಕ್ಷೆಗೆ ಒಂದೇ ಅಳತೆಪಟ್ಟಿ. ಶೀಟಿನ ಮೇಲೆ ಹೇಳುವವರು ಕೇಳುವವರು ಯಾರೂ ಇಲ್ಲ. ಜಂಬೂದ್ವೀಪವನ್ನು ದೊಡ್ಡದಾಗಿ ಬರೆದು, ಹೊರಗಿನ ಬಳೆಗಳನ್ನೆಲ್ಲ ಒಂದೇ ಅಗಲಕ್ಕೆ ಎಳೆದುಬಿಟ್ಟೆ. ಆಟಕ್ಕೆ ಒಂದು ನಿಯಮವೂ ಸಿಕ್ಕಿತು: ಒಂದು ದ್ವೀಪ ದಾಟಿ ಮುಂದಿನದಕ್ಕೆ ಹೋದಂತೆ ಪ್ರಯಾಣದ ದಿನ ದುಪ್ಪಟ್ಟು. ಕಬ್ಬಿನಹಾಲಿನ ಸಮುದ್ರ ದಾಟುವಾಗ ಗೆಳೆಯರು ನಗುತ್ತಿದ್ದರು. ತುಪ್ಪದ ಸಮುದ್ರಕ್ಕೆ ಬರುವಷ್ಟರಲ್ಲಿ ಬುತ್ತಿ ಖಾಲಿ. "ಮಗಾ, ಇದರಲ್ಲಿ ಹಡಗು ತೇಲತ್ತಾ?" ಅಂತ ಒಬ್ಬ ಕೇಳಿದ. ಡೈಸ್ ಹಾಕು ಅಂದೆ.

ಆಟಗಾರರು ನಕ್ಷೆಯ ಅಂಚು ದಾಟಿ ಹೊರಟರೆ ಏನು ಮಾಡುವುದು ಅನ್ನುವ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಜೈನರ ನಕ್ಷೆಯಲ್ಲಿ. ಅವರ ಎರಡೂವರೆ ದ್ವೀಪದ ಚಿತ್ರಗಳನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದರು. ಅವರ ಲೆಕ್ಕದಲ್ಲಿ ಪುಷ್ಕರ ಮೂರನೆಯ ದ್ವೀಪ. ಅದರ ನಡುವೆ ಮಾನುಷೋತ್ತರ ಪರ್ವತ, ಅದನ್ನು ಮನುಷ್ಯರು ದಾಟುವ ಹಾಗಿಲ್ಲ. ಆಟಗಾರರು ನಕ್ಷೆಯ ಹೊರಗೆ ಓಡದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಗೋಡೆ ಬೇಕಾ? ಎರಡು ಪರಂಪರೆ ಬೆರೆಸಬಾರದು ಅನ್ನುವವರು ಬೇಕಾದರೆ ಬೈದುಕೊಳ್ಳಲಿ, ನಾನಂತೂ ಬೆರೆಸಿದ್ದೇನೆ.

ಷಟ್ಕೋನದ ಮನೆಗಳಿರುವ ಹೆಕ್ಸ್ ಹಾಳೆಯನ್ನೂ ನೋಡಿದೆ. ಗುಂಡಗಿನ ಲೋಕಕ್ಕೆ ಒಗ್ಗಲಿಲ್ಲ.

ಪಾತಾಳದ ಏಳು ಲೋಕಕ್ಕೆ ಏಳು ಸಣ್ಣ ಹಾಳೆ, ಒಂದರ ಕೆಳಗೊಂದು. ಅಲ್ಲಿನ ನೆಲ ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಮರಳು, ಮತ್ತೊಂದು ಕಡೆ ಚಿನ್ನ ಎಂದು ಪುರಾಣವೇ ಹೇಳುತ್ತದೆ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವ ಕೆಲಸ ತಪ್ಪಿತು.

ಶೀಟಿಗೆ ತೊಂದರೆ ಇಲ್ಲವೆಂದಲ್ಲ. ಅಳಿಸಿ ತಿದ್ದುವುದು ಕಷ್ಟ, ಚಹಾ ಚೆಲ್ಲಿದರೆ ಕಥೆ ಮುಗಿಯಿತು. ಒಬ್ಬ ಗೆಳೆಯ ಪುಣೆಯಿಂದ ಆಡುತ್ತಾನೆ. ಅವನಿಗಾಗಿ ಫೋನಿನಲ್ಲಿ ಫೋಟೋ ತೆಗೆದು ಔಲ್‌ಬೇರ್ ರೋಡಿಯೋ ಎಂಬ ಆನ್‌ಲೈನ್ ಆಟದ ಮೇಜಿಗೆ ಏರಿಸಿ, ಇನ್ನೂ ನೋಡದ ಜಾಗವನ್ನು ಮಂಜಿನಿಂದ ಮುಚ್ಚುತ್ತೇನೆ. ಅದಕ್ಕೂ ಕಾಸಿಲ್ಲ.

ಹೆಸರು ಇಂಗ್ಲಿಷ್‌ನಲ್ಲಿದ್ದರೂ ನಡೆಯುತ್ತೆ, ವಾರಕ್ಕೊಂದು ಹೊಸ ನಕ್ಷೆ ಬೇಕು ಅನ್ನುವವರಾದರೆ ದುಡ್ಡಿನ ಸಾಫ್ಟ್‌ವೇರ್ ತೆಗೆದುಕೊಳ್ಳಿ, ಚಂದದಲ್ಲಿ ಅದನ್ನು ಮೀರಿಸಲು ನನ್ನ ಕೈಲಿ ಆಗುವುದಿಲ್ಲ. ನಾನು ವರ್ಷಕ್ಕೆ ಒಂದೇ ಲೋಕ ಕಟ್ಟುವವನು, ಅದನ್ನೇ ತಿಂಗಳುಗಟ್ಟಲೆ ಎಳೆಯುವವನು. ಸಬ್‌ಸ್ಕ್ರಿಪ್ಷನ್ ಇನ್ನೂ ಕೆಲವು ತಿಂಗಳು ಇದೆ. ಅಲ್ಲಿಯವರೆಗೆ ಹೆಸರು ಬೇಡದ ಗುಹೆ, ಸುರಂಗಗಳನ್ನೆಲ್ಲ ಅದರಲ್ಲೇ ಮಾಡಿ ಪ್ರಿಂಟ್ ತೆಗೆದಿಟ್ಟುಕೊಳ್ಳುತ್ತಿದ್ದೇನೆ.